ಪಾರ್ಸಲ್ ಪೊಟ್ಟಣವೂ ಹೋಟೆಲಿನ ಬಿಲ್ಲೂ

ಉಪಾಹಾರ ಗೃಹದಲ್ಲಿ ಕುಳಿತು ಉಣ್ಣುವ ಗ್ರಾಹಕನೂ ಪಾರ್ಸಲ್ ಕೊಂಡೊಯ್ಯುವ ಗ್ರಾಹಕನೂ ಒಂದೇ ಅಡುಗೆಮನೆಯ ತಿನಿಸಿಗೆ ಹಣ ತೆರುತ್ತಾರೆ. ಆದರೆ ಇಬ್ಬರ ಅನುಭವ ಒಂದೇ ಅಲ್ಲ. ಸಾಂಬಾರು ಸಾಲದಿದ್ದರೆ ಕುಳಿತವನು ಮಾಣಿಯನ್ನು ಕರೆಯುತ್ತಾನೆ. ದೋಸೆ ಆರಿದ್ದರೆ ಬದಲಿಸಿಕೊಳ್ಳುತ್ತಾನೆ. ಪಾರ್ಸಲ್ ಒಯ್ದವನು ಪೊಟ್ಟಣ ಬಿಚ್ಚುವುದು ಮನೆಯಲ್ಲಿ. ಚಟ್ನಿ ಇಲ್ಲವೆಂಬುದು ಅಲ್ಲಿ ತಿಳಿದರೆ ಅದಕ್ಕಾಗಿ ಆತ ಹಿಂದಿರುಗುವುದಿಲ್ಲ. ಬಹುಶಃ ಮರುದಿನವೂ ಬರುವುದಿಲ್ಲ. ಹೀಗೆ ದೂರು ಹೇಳದೆ ದೂರವಾದ ಗ್ರಾಹಕನಿಂದಾಗುವ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸದು.

ಪೊಟ್ಟಣದ ಲೆಕ್ಕ

ಬಿಸಿ ದೋಸೆಯನ್ನು ಬಿಗಿಯಾಗಿ ಮುಚ್ಚಿದರೆ ಅದರ ಹಬೆಯೇ ಅದನ್ನು ಮೆತ್ತಗಾಗಿಸುತ್ತದೆ. ಇಡ್ಲಿ, ಪಲಾವು, ಮೊಸರನ್ನಗಳು ಪ್ರಯಾಣವನ್ನು ತಾಳುತ್ತವೆ. ವಡೆ, ಪೂರಿಗಳು ತಾಳವು. ಇದನ್ನು ಗಲ್ಲಾದಲ್ಲಿಯೇ ತಿಳಿಸುವ ಮಾಲೀಕನು ಒಂದು ವ್ಯಾಪಾರವನ್ನು ಕಳೆದುಕೊಂಡರೂ ಗ್ರಾಹಕನನ್ನು ಉಳಿಸಿಕೊಳ್ಳುತ್ತಾನೆ.

ಅಸಮಾಧಾನಕ್ಕೆ ಮತ್ತೊಂದು ಕಾರಣ ಪಾರ್ಸಲ್ ಶುಲ್ಕ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 8 ರೂ. ಬೆಲೆಯ ಪ್ಲಾಸ್ಟಿಕ್ ಡಬ್ಬಿಗೆ ಶೇ. 18ರ ತೆರಿಗೆ ಸೇರಿ 9.44 ರೂ. ಆಗುತ್ತದೆ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ ಪೂರ್ತಿ ಹಣ ಖರ್ಚೇ. ದಿನಕ್ಕೆ 50 ಪಾರ್ಸಲ್ ಆದರೆ 30 ದಿನಕ್ಕೆ 14,160 ರೂ. ಸಣ್ಣ ಹೋಟೆಲಿನವರು ಇದನ್ನು ನುಂಗಿಕೊಳ್ಳುವುದು ಕಷ್ಟ.

ಗ್ರಾಹಕನ ದೃಷ್ಟಿಯೇ ಬೇರೆ. 100 ರೂಪಾಯಿಯ ಊಟ, 10 ರೂಪಾಯಿಯ ಡಬ್ಬಿ, ಎರಡರ ಮೇಲೂ ತೆರಿಗೆ 5.50 ರೂ.; ಒಟ್ಟು 115.50 ರೂ. ಮೇಜನ್ನಾಗಲಿ ಮಾಣಿಯನ್ನಾಗಲಿ ಬಳಸದ ತಾನು ಹೆಚ್ಚು ತೆರಬೇಕೇಕೆ ಎಂದು ಆತ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಪಾರ್ಸಲ್ ಶುಲ್ಕವನ್ನು ದರಪಟ್ಟಿಯ ಫಲಕದಲ್ಲಿಯೇ ಬರೆಯಿಸಬೇಕು. ಮನೆಯಿಂದ ಡಬ್ಬಿ ತಂದವರಿಗೆ ಅದನ್ನು ಬಿಡಬೇಕು. ಮೊದಲೇ ತಿಳಿದ 10 ರೂಪಾಯಿ ಯಾರನ್ನೂ ನೋಯಿಸದು. ಬಿಲ್ಲಿನಲ್ಲಿ ಹಠಾತ್ತನೆ ಕಂಡ 10 ರೂಪಾಯಿ ನೋಯಿಸುತ್ತದೆ.

ಬಿಲ್ಲಿನ ಲೆಕ್ಕ

2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ, ಹವಾನಿಯಂತ್ರಣ ಇರಲಿ ಬಿಡಲಿ, ಜಿಎಸ್‌ಟಿ ದರ ಶೇ. 5. ಕುಳಿತು ಉಂಡರೂ ಕಟ್ಟಿಸಿಕೊಂಡು ಹೋದರೂ ದರ ಅದೇ. ದುಬಾರಿ ಕೊಠಡಿಗಳುಳ್ಳ ವಸತಿಗೃಹಗಳ ಮಾತು ಬೇರೆ. ರಾಜಿ ತೆರಿಗೆ ಯೋಜನೆಯಲ್ಲಿರುವ ಹೋಟೆಲು ತೆರಿಗೆಯನ್ನು ತನ್ನ ಕೈಯಿಂದ ಕಟ್ಟಬೇಕೇ ಹೊರತು ಗ್ರಾಹಕನಿಂದ ವಸೂಲು ಮಾಡುವಂತಿಲ್ಲ. ಈ ನಿಯಮವನ್ನು ಮೀರಿದ ಬಿಲ್ಲು ಗ್ರಾಹಕನ ಕೈಯಲ್ಲಿರುವ ಲಿಖಿತ ಸಾಕ್ಷ್ಯ ಎಂಬುದನ್ನು ಮರೆಯಬಾರದು.

ಸೇವಾಶುಲ್ಕ ತೆರಿಗೆಯಲ್ಲ. ಅದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪಾರ್ಸಲ್ ಬಿಲ್ಲಿನಲ್ಲಿ ಸೇವಾಶುಲ್ಕ ಹಾಕುವುದಂತೂ ಗ್ರಾಹಕನನ್ನು ಕೆಣಕಿದಂತೆ. ಮೊಬೈಲ್ ಆ್ಯಪ್ ಮೂಲಕ ಬಂದ ಬೇಡಿಕೆಗಳ ಊಟದ ಮೇಲಿನ ತೆರಿಗೆಯನ್ನು 2022ರ ಜನವರಿ 1ರಿಂದ ಆ್ಯಪ್ ಸಂಸ್ಥೆಗಳೇ ಪಾವತಿಸುತ್ತವೆ. ಆದುದರಿಂದ ಆ ಮಾರಾಟದ ಲೆಕ್ಕವನ್ನು ಪ್ರತ್ಯೇಕವಾಗಿಡುವುದು ಅವಶ್ಯ. ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆಯೂ ಬಿಲ್ಲಿನಲ್ಲಿರಬೇಕು.

ಮಾಲೀಕರು ವಾರಕ್ಕೊಮ್ಮೆಯಾದರೂ ತಮ್ಮದೇ ಹೋಟೆಲಿನಿಂದ ಪಾರ್ಸಲ್ ತರಿಸಿ, ಅರ್ಧ ಗಂಟೆಯ ಬಳಿಕ ಮನೆಯಲ್ಲಿ ಬಿಚ್ಚಿ, ಬಿಲ್ಲನ್ನೂ ಓದಿ ನೋಡುವುದು ಒಳ್ಳೆಯದು. ಈ ಮಾತು ಹೋಟೆಲಿಗಷ್ಟೇ ಸೀಮಿತವಲ್ಲ. ಸರಕು ಅಂಗಡಿಯ ಹೊಸ್ತಿಲು ದಾಟಿದ ಮೇಲೆ ವ್ಯಾಪಾರಿಯ ಪರವಾಗಿ ಮಾತನಾಡುವುದು ಪೊಟ್ಟಣ ಮತ್ತು ಬಿಲ್ಲು, ಇವೆರಡೇ.