ಹಲಗಾದ ಸೈರನ್ ಮತ್ತು ಎದುರು ಕುಳಿತವರ ಮಾತು

ಬೆಳಗಾವಿ ತಾಲೂಕಿನ ಹಲಗಾದಲ್ಲಿ ಸಂಜೆ 7ಕ್ಕೆ ಸೈರನ್ ಕೂಗತೊಡಗಿತು. 9 ಗಂಟೆಯವರೆಗೆ ಟಿ.ವಿ., ಮೊಬೈಲ್ ಬಂದ್. ಮಕ್ಕಳು ಓದಲಿ, ದೊಡ್ಡವರು ಒಬ್ಬರ ಮಾತನ್ನೊಬ್ಬರು ಕೇಳಲಿ ಎಂಬುದು ಊರಿನವರ ಆಸೆ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವದಲ್ಲಿ 2022ರಲ್ಲೇ ಇಂಥ ಕಟ್ಟಳೆ ಬಂದಿತ್ತು. ಅಲ್ಲಿ ಒಂದೂವರೆ ತಾಸು. ಸೌಜನ್ಯವನ್ನು ಸೈರನ್ ಊದಿ ಕಲಿಸಬೇಕೇ ಎಂದು ಕೇಳುವವರಿದ್ದಾರೆ. ಫೋನಿನ ವಿಷಯದಲ್ಲಿ ಸೌಜನ್ಯ ಒಬ್ಬರ ಕೈಯಲ್ಲಿಲ್ಲ ಎಂಬುದೇ ಇದಕ್ಕೆ ಉತ್ತರ. ಎದುರಿಗಿರುವವರ ಮಾನ ಕಾಯಲು ಫೋನ್ ಎತ್ತದಿದ್ದರೆ ಕರೆ ಮಾಡಿದವರಿಗೆ ಸಿಟ್ಟು. ಎತ್ತಿದರೆ ಎದುರಿಗಿರುವವರಿಗೆ ನೋವು. ಇಡೀ ಊರು ಒಂದೇ ಹೊತ್ತಿಗೆ ಫೋನ್ ಕೆಳಗಿಟ್ಟಾಗ ಈ ಇಕ್ಕಟ್ಟು ಅರ್ಧಕ್ಕರ್ಧ ಸಡಿಲವಾಗುತ್ತದೆ: ಉತ್ತರಿಸದವರನ್ನು ಯಾರೂ ಸೊಕ್ಕಿನವರೆನ್ನುವುದಿಲ್ಲ.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2012ರ ಸುಮಾರಿಗೆ ಅಪರಿಚಿತರನ್ನು ಜೋಡಿಯಾಗಿ ಮಾತಿಗೆ ಕೂರಿಸಿ, ಕೆಲವರ ಬಳಿ ಸುಮ್ಮನೆ ಒಂದು ಫೋನ್ ಇಟ್ಟರು. ಅದು ಕಣ್ಣಿಗೆ ಬೀಳುತ್ತಿದ್ದ ಜೋಡಿಗಳಲ್ಲಿ ಆಪ್ತತೆ ಕಡಿಮೆಯೆಂದು ಕಂಡರು. ಅಂಥ ಪ್ರಯೋಗವನ್ನು ಮತ್ತೆ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ, ನಿಜ. ಆದರೆ ಕಟ್ಟೆಯ ಮೇಲೆ ಕುಳಿತವರನ್ನು ಗಮನಿಸಿ: ಮಗಳ ಮದುವೆಯ ಸಾಲದ ಬಗ್ಗೆ ಹೇಳುತ್ತಿರುವವರು, ಕೇಳುವವರ ಹೆಬ್ಬೆರಳು ಪರದೆಗೆ ತಾಗಿದೊಡನೆ ದನಿ ತಗ್ಗಿಸುತ್ತಾರೆ, 'ಇರಲಿ ಬಿಡ್ರಿ' ಎಂದು ಮಾತು ಅಲ್ಲಿಗೇ ಬಿಡುತ್ತಾರೆ. ಆಮೇಲೆ 'ಹೇಳ್ರಿ, ಹೇಳ್ರಿ' ಎಂದರೂ ಆ ಮಾತು ಮತ್ತೆ ಹೊರಡುವುದಿಲ್ಲ.

ಆಕ್ಷೇಪಗಳಲ್ಲಿ ಒಂದು ಮಾತ್ರ ಗಟ್ಟಿಯಾದದ್ದು. ಖಾನಾಪುರದ ಭೀಮಗಡ ಕಾಡಿನ ಹಳ್ಳಿಗಳಲ್ಲಿ ರೋಗಿಗೆ ಆಂಬುಲೆನ್ಸ್ ಕರೆಯಲು ನೆಟ್‌ವರ್ಕ್ ಸಿಗುವುದೇ ಕಷ್ಟ; ಅವರಿಗೆ ಫೋನ್ ಬಿಡಿ ಎನ್ನುವುದು ಕ್ರೌರ್ಯ. ದೂರದ ಊರಿನಲ್ಲಿ ದುಡಿಯುವ ಮಗನ ದನಿ ಕೇಳಲು ಸಂಜೆಯಷ್ಟೇ ಬಿಡುವಿರುವ ತಾಯಿಗೂ ಹಾಗೆಯೇ. ಆದ್ದರಿಂದ ಕಟ್ಟಳೆಯಲ್ಲಿ ದಂಡ ಇರಕೂಡದು, ತುರ್ತು ಕರೆಗೆ ಅಡ್ಡಿ ಇರಕೂಡದು. ಇನ್ನೊಂದು ಮಾತು: ಮಕ್ಕಳಿಂದಷ್ಟೇ ಪಾಲನೆ ಬಯಸಿದರೆ ಇದು ನಿಲ್ಲದು, ದೊಡ್ಡವರೂ, ಅಧಿಕಾರದಲ್ಲಿರುವವರೂ ಪಾಲಿಸಬೇಕು. ಚಳಿಗಾಲದ ಅಧಿವೇಶನ ನಡೆಯುವ ಸುವರ್ಣ ವಿಧಾನಸೌಧ ಇರುವುದು ಹಲಗಾದ ಪಕ್ಕದಲ್ಲೇ. ಅಧಿಕಾರಸ್ಥರ ಪಾಲನೆ ಕಚೇರಿಯಿಂದಲೇ ಶುರುವಾಗಲಿ: ಬೆಳಗಾವಿಯ ಕಚೇರಿಗಳಿಗೆ ಹಳ್ಳಿಗಳಿಂದ ಬಸ್ ಹಿಡಿದು ಬರುವ ಅರ್ಜಿದಾರರು ನಿಂತೇ ತಮ್ಮ ಕಷ್ಟ ಹೇಳುತ್ತಾರೆ. ಅವರು ಮಾತು ಮುಗಿಸುವವರೆಗೆ ಸಾಹೇಬರ ಫೋನ್ ಮೇಜಿನ ಖಾನೆಯೊಳಗಿರಬೇಕು ಎಂಬ ನಿಯಮಕ್ಕೆ ಸೈರನ್ನೂ ಬೇಡ, ಅನುದಾನವೂ ಬೇಡ. ಒಂದು ಸುತ್ತೋಲೆ ಸಾಕು.