ನಮಗೆ ‘ಕರ್ವಾಲೊ’ ಯಾಕೆ ಇಷ್ಟ?

ಮೆಚ್ಚಿನ ಪುಸ್ತಕ ಯಾವುದೆಂದು ಕೇಳಿದರೆ ಏರ್ಕಾಡಿನ ಕನ್ನಡಿಗರಾದ ನಮ್ಮಲ್ಲಿ ಹಲವರು ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಕಥೆ ನಡೆಯುವ ಮೂಡಿಗೆರೆ ಸೀಮೆಯ ಮಳೆ, ಕಾಡು, ಜೇನು ಕಾಫಿ ತೋಟಗಳ ನಡುವೆ ಬದುಕುವ ನಮಗೆ ಹೊಸದಲ್ಲ.

ಅದಕ್ಕಿಂತ ದೊಡ್ಡ ಕಾರಣ ಮಂದಣ್ಣ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಹುಡುಕಲು ಅಷ್ಟು ಓದಿದವರಿಗೂ ಮಂದಣ್ಣನ ಕಣ್ಣೇ ಬೇಕು. ಡಿಗ್ರಿ ಇಲ್ಲದವನ ತಿಳಿವಳಿಕೆಗೂ ಬೆಲೆ ಇದೆ ಎಂಬುದನ್ನು ಉಪದೇಶವಿಲ್ಲದೆ, ನಗಿಸುತ್ತಲೇ ಹೇಳುವ ಪುಸ್ತಕ ಇದು.

ಇಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷ್. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. ತೇಜಸ್ವಿಯವರದು ಆಡುಮಾತಿಗೆ ಹತ್ತಿರದ ಕನ್ನಡ. ನಾವು ಓದಿ ಹೇಳಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ‘ಆಮೇಲೇನಾಯ್ತು?’ ಎಂದು ಕೇಳುವ ಮಗು ನಾಳೆ ಅಕ್ಷರ ಕಲಿಯಲೂ ಮುಂದಾದೀತು.

ಆದ್ದರಿಂದ ಬಂಧುಗಳೇ, ಮೆಚ್ಚಿನ ಪುಸ್ತಕವನ್ನು ಹೊಗಳಿ ಕಪಾಟಿನಲ್ಲಿಡಬೇಡಿ. ದಿನಕ್ಕೆ ಎರಡು ಪುಟವಾದರೂ ಮನೆಮಂದಿಗೆ ಕೇಳುವಂತೆ ಗಟ್ಟಿಯಾಗಿ ಓದಿ.