ಕರಿ ಬಟ್ಟೆ ಜಾತ್ರೆಯ ದಿವಾಳಿ ಭಾನುವಾರ

ಮೈತುಂಬ ಕರಿ ಬಟ್ಟೆ, ಕಣ್ಣಿಗೆ ದಪ್ಪ ಕಾಡಿಗೆ, ಮುಖಕ್ಕೆ ಬಿಳಿ ಪೌಡರು. ಇಂಥ ಸುಮಾರು ಇಪ್ಪತ್ತು ಸಾವಿರ ಮಂದಿ ಒಂದೇ ಊರಿಗೆ ಬಂದಿಳಿದರೆ ಅಂಗಡಿಯವರು ಶಟರ್ ಎಳೆಯೋದಿಲ್ಲವೇ? ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎಳೆಯೋದಿಲ್ಲ, ಸ್ವಾಮಿ. ವ್ಯಾಪಾರಕ್ಕೆ ಕೂರುತ್ತಾರೆ!

ಇದು ಗಾಥಿಕ್ ಸಂಗೀತದ ಜಾತ್ರೆ. ಸಾವು, ವಿರಹ, ಒಂಟಿತನದ ಹಾಡು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಗೀಳು, ಲೈಪ್‌ಜಿಗ್‌ನಲ್ಲಿ 1992ರಲ್ಲಿ ಜಾತ್ರೆಯಾಯಿತು. ಕೊರೊನಾದ 2020, 2021 ಬಿಟ್ಟರೆ ಪ್ರತಿವರ್ಷ ಪೆಂತೆಕೋಸ್ತ್ ಹಬ್ಬಕ್ಕೆ ನಡೆದಿದೆ. ಪಾರ್ಕಿನ ಬಯಲು ವೇದಿಕೆಯಿಂದ ಹಿಡಿದು ಊರಿನ ಹತ್ತಾರು ಕಡೆ ಹಾಡು. ಕೈಗೆ ಕಟ್ಟಿದ ಪಟ್ಟಿಯೇ ಟ್ರಾಂ ಟಿಕೆಟ್ಟು. 11ನೇ ನಂಬರಿನ ಟ್ರಾಂ ತುಂಬ ಕರಿ ಕೋಟು, ಪಕ್ಕದಲ್ಲೇ ತರಕಾರಿ ಚೀಲದ ಅಜ್ಜಿ.

ಈ ಜಾತ್ರೆಯ ನಿಜವಾದ ಪರೀಕ್ಷೆ ನಡೆದದ್ದು 2000ದಲ್ಲಿ. ಹಾಸಿಗೆ ಮೀರಿ ಕಾಲು ಚಾಚಿದ ಸಂಘಟಕರು ಹಬ್ಬದ ಭಾನುವಾರವೇ ಕೈ ಎತ್ತಿಬಿಟ್ಟರು. ದಿವಾಳಿ! ಕಾವಲಿನವರು ಜಾಗ ಖಾಲಿ ಮಾಡಿದರು. ಹಲವು ತಂಡಗಳು ಹಾಡಲೇ ಇಲ್ಲ. ಟಿಕೆಟ್ಟಿಗೆ ದುಡ್ಡು ತೆತ್ತ ಸಾವಿರಾರು ಜನ ಮಾತ್ರ ಅಲ್ಲೇ ಇದ್ದರು. ದೊಂಬಿಗೆ ಇನ್ನೇನು ಬೇಕು?

ಆಗ ಕೆಲವು ತಂಡಗಳು ಬಿಡಿಗಾಸೂ ಕೇಳದೆ ವೇದಿಕೆ ಹತ್ತಿದವು. ಬಂದ ಜನರಲ್ಲೇ ಹಲವರು ಸ್ವಯಂಸೇವಕರಾಗಿ ನಿಂತರು. ಹಬ್ಬ ಕುಂಟುತ್ತಾ ನಡೆಯಿತು, ಆದರೆ ಹೆಸರು ಕೆಡಲಿಲ್ಲ. ಮರುವರ್ಷ ಹೊಸ ಆಡಳಿತದಲ್ಲಿ ಮತ್ತೆ ಜಾತ್ರೆ.

ವೇಷ ನೋಡಿ ಉದ್ರಿ ಕೊಡಬಾರದು ಅಂತಾರೆ ಅಂಗಡಿಯವರು. ಅವತ್ತು ಲೆಕ್ಕ ತಪ್ಪಿದ್ದು ಸಂಘಟಕರದು. ಬಾಕಿ ತೀರಿಸಿದ್ದು ಕರಿ ಬಟ್ಟೆಯವರು.